ಹದಿನೈದು ಸಹಿ

ನೀತಾಳಿಗೆ ಮಾತು ಬರುವುದಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಬರುತ್ತಿತ್ತು, ಧಾರಾಳವಾಗಿ ಬರುತ್ತಿತ್ತು, ಆದರೆ ಡೈರಿಯ ಒಳಗೆ. ರಿಕ್ಷಾದವನಿಗೆ "ಇಲ್ಲೇ ನಿಲ್ಲಿಸಿ" ಎನ್ನಲಾಗದೆ ಎರಡು ಗಲ್ಲಿ ಮುಂದೆ ಹೋಗಿ ಇಳಿದು, ಬಿಸಿಲಲ್ಲಿ ವಾಪಸು ನಡೆದು ಬಂದು, ಆ ನಡಿಗೆಯ ಮೇಲೆ ರಾತ್ರಿ ಮೂರು ಪುಟ ಬರೆಯುವವರ ಪೈಕಿ ಅವಳು. ಎಂ.ಎ.ಗೆ ಇತಿಹಾಸ ಆರಿಸಿಕೊಂಡದ್ದೂ ಹೀಗೇ. ಸತ್ತವರು ಎದುರು ಮಾತಾಡುವುದಿಲ್ಲ, ಏನಾದರೂ ಕೇಳಿ ಪೇಚಿಗೆ ಸಿಕ್ಕಿಸುವುದಿಲ್ಲ.

ಇಂಥವಳು ಪುಣೆಯ ಪೇಟೆಯೊಂದರ ಹಳೆಯ ವಾಡೆಯಲ್ಲಿದ್ದ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಜನರ ಮುಂದೆ ನಿಂತು ಮಾತಾಡುವವಳಾದದ್ದು ಕೂಡ ಬಾಯಿ ಬಾರದ್ದರಿಂದಲೇ. ಅವಳು ಹೋದದ್ದು ಹಳೆಯ ಸಾಮಾನುಗಳ ಪಟ್ಟಿ ಬರೆಯುವ ಕೆಲಸ ಕೇಳಿಕೊಂಡು. ಆದರೆ ಅಲ್ಲಿ ಭಾನುವಾರಗಳಂದು ಸಾರ್ವಜನಿಕರಿಗೆ ಉಚಿತ ಕಾರ್ಯಕ್ರಮಗಳು ನಡೆಯುತ್ತಿದ್ದವು. ಮೊದಲ ಭಾನುವಾರ ಮರಾಠಿಯಲ್ಲಿ, ಎರಡನೆಯದು ಹಿಂದಿಯಲ್ಲಿ, ಮೂರನೆಯದು ಇಂಗ್ಲಿಷಿನಲ್ಲಿ. ಅವನ್ನು ನೋಡಿಕೊಳ್ಳುವ ಮಾಧುರಿತಾಯಿ ಇವಳ ಅರ್ಜಿಯಲ್ಲಿ ಮಾತೃಭಾಷೆಯ ಸಾಲು ಓದಿದವರೇ, "ಅರೇ ವಾ, ಕಾನಡೀ! ಹಾಗಾದರೆ ನಾಲ್ಕನೆಯ ಭಾನುವಾರ ನಿನ್ನದು" ಎಂದು ಮರಾಠಿಯಲ್ಲೇ ತೀರ್ಮಾನಿಸಿಬಿಟ್ಟರು. ಬೇಡ ಎನ್ನಲಿಕ್ಕೂ ಬಾಯಿ ತೆರೆಯಬೇಕಲ್ಲ. ನೀತಾ ತಲೆಯಾಡಿಸಿದಳು.

ಮೊದಲ ತಿಂಗಳು ಬಂದವರು ಮೂರು ಜನ. ಅವರಲ್ಲೊಬ್ಬರು ಶೌಚಾಲಯ ಹುಡುಕಿಕೊಂಡು ಬಂದು, ಹೊರಟರೆ ಚೆನ್ನಾಗಿರುವುದಿಲ್ಲವೆಂದು ನಿಂತವರು. ನೀತಾ ಹದಿನಾಲ್ಕು ಪುಟ ಬರೆದುಕೊಂಡು ಬಂದಿದ್ದಳು. ಎಲ್ಲ ದೊಡ್ಡ ದೊಡ್ಡ ಶಬ್ದ. ಆರನೆಯ ಪುಟದ ಹೊತ್ತಿಗೆ, ಒಂದು ತೂಗುದೀಪದ ಮುಂದೆ, ಬ್ಯಾಂಕಿನಿಂದ ನಿವೃತ್ತರಾದ ಲೋಕನಾಥ ಎಂಬ ಹಿರಿಯರು ಕತ್ತು ಮುಂದೆ ಚಾಚಿ, "ಆಮ್ಯಾಲ?" ಎಂದರು.

ಅಷ್ಟೇ. ಆದರೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ನೀತಾಳಿಗೆ ಯಾರೂ "ಆಮ್ಯಾಲ?" ಎಂದಿರಲಿಲ್ಲ. "ಸ್ವಲ್ಪ ಜೋರಾಗಿ" ಎಂದವರಿದ್ದರು, "ಏನಂದಿ?" ಎಂದವರಂತೂ ಲೆಕ್ಕವಿಲ್ಲ. ಆ ದಿನದಿಂದ ಅವಳಿಗೆ ನಾಲ್ಕನೆಯ ಭಾನುವಾರದ ಹುಚ್ಚು ಹಿಡಿಯಿತು.

ಹುಚ್ಚು ಹಿಡಿದ ವಾರದಲ್ಲೇ ಮಾಧುರಿತಾಯಿ ಕರೆದು ಹೇಳಿದರು: ಮೂರು ಜನರಿಗೋಸ್ಕರ ಕಾರ್ಯಕ್ರಮ ನಡೆಸಲು ವಿಶ್ವಸ್ತರು ಒಪ್ಪುತ್ತಿಲ್ಲ. ಮುಂದಿನ ಸಲ ಹಾಜರಿ ಪುಸ್ತಕದಲ್ಲಿ ಹದಿನೈದು ಸಹಿ ಬೀಳಬೇಕು, ಅದೂ ಕೊನೆಯವರೆಗೆ ಇದ್ದವರ ಸಹಿ. ಮನೆಯವರದು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಬೀಳದಿದ್ದರೆ ನಾಲ್ಕನೆಯ ಭಾನುವಾರ ರಂಗೋಲಿ ವರ್ಗಕ್ಕೆ ಹೋಗುತ್ತದೆ.

ನೀತಾ ಜನ ಕೂಡಿಸುವುದೆಂದರೆ ಮೀನು ಮರ ಹತ್ತಿದಂತೆ. ವಾಟ್ಸಾಪಿನಲ್ಲಿ ಒಂದು ಸಂದೇಶ ಹಾಕಿ, ಯಾರಾದರೂ ನೋಡಿಬಿಟ್ಟರೆ ಎಂದು ಹೆದರಿ, ಐದು ನಿಮಿಷಕ್ಕೆ ಅಳಿಸಿದಳು. ಕೊನೆಗೆ ಅವ್ವ ಫೋನು ಕೈಗೆತ್ತಿಕೊಂಡರು. ಕೊಂಢವಾದಲ್ಲಿ ಅಪ್ಪನ ಪ್ಲೈವುಡ್ ಅಂಗಡಿ ನಿಂತದ್ದೇ ಅವ್ವನ ಫೋನಿನ ಮೇಲೆ ಎಂಬ ಮಾತಿದೆ.

"ಭಾನುವಾರ ಮ್ಯೂಸಿಯಂನಾಗ ಒಂದು ಕಾರ್ಯಕ್ರಮ ಅದರಿ. ನಮ್ಮ ನೀತಾ ಇರ್ತಾಳ. ಹಂಗ ಸುಮ್ನ ಬಂದು ನೋಡ್ಕೊಂಡು ಹೋಗ್ರಿ. ಹಾಂ, ಎಲ್ಲಾರೂ ಬರ್ರಿ."

ಎರಡು ತಾಸು ಇದೇ ಮಾತು, ಇದೇ ಧಾಟಿ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಭಾನುವಾರ ಹನ್ನೊಂದಕ್ಕೆ, ಲೆಕ್ಕಕ್ಕಿಲ್ಲದ ಅವ್ವನನ್ನು ಬಿಟ್ಟು, ಒಂಬತ್ತು ಜನ ಬಂದಿದ್ದರು. ಅಪ್ಪನ ಪಕ್ಕದ ಟೈಲ್ಸ್ ಅಂಗಡಿಯವರು ನಾಲ್ವರು, ಲೋಕನಾಥ ಮತ್ತು ಅವರ ಹೆಂಡತಿ, ಯೆರವಡಾದ ಐಟಿ ಕಂಪನಿಯ ಇಂಪನಾ ಎಂಬ ಮೈಸೂರು ಕಡೆಯ ಹುಡುಗಿ, ಅವಳ ಇಬ್ಬರು ಗೆಳತಿಯರು. ಇಂಪನಾ ಆ ಐದು ನಿಮಿಷದಲ್ಲಿ ಸಂದೇಶ ನೋಡಿಬಿಟ್ಟ ಒಬ್ಬಳೇ ಒಬ್ಬಳು. ಒಂಬತ್ತು. ರಂಗೋಲಿ ವರ್ಗದವರು ಬಣ್ಣ ಕೊಳ್ಳಬಹುದು ಎಂದು ನೀತಾ ಮನಸ್ಸಿನಲ್ಲೇ ಅಂದುಕೊಳ್ಳುತ್ತಿರುವಾಗ ಬಾಗಿಲಲ್ಲಿ ಬಾರಾಮತಿಯಿಂದ ಬಂದ ಗಾಡಿ ನಿಂತಿತು. ಇಳಿದವರು ಆರು ಜನ.

ಮುಂದೆ ಬಂದವರು ಶಿವಗಂಗವ್ವ, ಅವ್ವನಿಗೆ ಯಾವುದೋ ಮದುವೆಯಲ್ಲಿ ಪರಿಚಯವಾದವರು. ಅವರ ಹಿಂದೆ ಅವರ ಭಾವ ಈರಣ್ಣ. ಬಾರಾಮತಿಯಲ್ಲಿ ಪಶು ಆಹಾರದ ವ್ಯಾಪಾರ. ಅವರ ಹಿಂದೆ ಮನೆಯ ಇನ್ನೂ ನಾಲ್ವರು ಹಿರಿಯರು. ಶಿವಗಂಗವ್ವ ನೀತಾಳನ್ನು ತಲೆಯಿಂದ ಕಾಲಿನವರೆಗೆ, ಮತ್ತೆ ಕಾಲಿನಿಂದ ತಲೆಯವರೆಗೆ ನೋಡಿದರು. ಅವತ್ತಿನ ವಿಷಯ ಕನ್ನಡ ಸೀಮೆಯಿಂದ ಪುಣೆಗೆ ಬಂದ ವಸ್ತುಗಳು. ಪ್ರಾತ್ಯಕ್ಷಿಕೆಗೆ ಇರಲಿ ಎಂದು ನೀತಾ ಇಳಕಲ್ ಸೀರೆ ಉಟ್ಟಿದ್ದಳು. ಬಾರಾಮತಿಯವರಿಗೆ ಇತಿಹಾಸದಲ್ಲಿ ಇಷ್ಟು ಆಸಕ್ತಿಯೇ ಎಂದು ಅವಳ ಕಣ್ಣು ತೇವವಾಯಿತು.

ಒಂಬತ್ತು, ಆರು, ಹದಿನೈದು. ಒಬ್ಬರೂ ಜಾರುವಂತಿಲ್ಲ. ಅವಳು ಪುಟ ತೆಗೆದು ಮೊದಲ ಸಾಲು ಓದಿದಳು. "ಸಾಂಸ್ಕೃತಿಕ ವಿನಿಮಯದ ಬಹುಮುಖೀ ಪ್ರಕ್ರಿಯೆಯನ್ನು ಅವಲೋಕಿಸುವಾಗ..."

"ಎಷ್ಟು ಓದೀಯವಾ ತಂಗಿ?" ಎಂದರು ಶಿವಗಂಗವ್ವ.

"ಎಂ.ಎ. ರೀ."

"ಅದು ಸಾಕಲ್ಲ. ಕಾಗದ ಇಡು. ನೋಡಲಾರದ ಮಾತಾಡು."

ಕಾಗದ ಇಡು ಎಂದರೆ ಈಜು ಬಾರದವನಿಗೆ ದಡ ಬಿಡು ಎಂದಂತೆ. ಆದರೆ ಹಿರಿಯರ ಮಾತು. ನೀತಾ ಕಾಗದ ಮಡಚಿ, ಅಡಿಕೆ ಕತ್ತರಿಸುವ ಅಡಕೊತ್ತುಗಳ ಕಪಾಟಿನ ಕಡೆ ನಡೆದಳು. ಹಿಂದಿನಿಂದ ಈರಣ್ಣ, "ನಡಿಗಿ ಚಲೋ ಅದ" ಎಂದದ್ದು ಕೇಳಿಸಿತು. ಯಾವುದೋ ಕುದುರೆಯ ಪ್ರತಿಮೆಯ ಬಗ್ಗೆ ಇರಬೇಕು ಎಂದುಕೊಂಡಳು.

ದೊಡ್ಡ ತಾಮ್ರದ ಹಂಡೆಯ ಮುಂದೆ ಶಿವಗಂಗವ್ವನ ಇನ್ನೊಂದು ಪ್ರಶ್ನೆ ಬಂತು. "ಅಡಗಿ ಬರ್ತದೇನು?"

"ಬರ್ತಿತ್ರಿ," ಎಂದಳು ನೀತಾ ಉತ್ಸಾಹದಿಂದ. "ಇದರಾಗ ಒಂದ ಸಲಕ್ಕ ನೂರು ಮಂದೀಗೆ ಅನ್ನ ಆಗ್ತಿತ್ತು."

ಶಿವಗಂಗವ್ವ ಹುಬ್ಬೇರಿಸಿ ಈರಣ್ಣನ ಕಡೆ ನೋಡಿದರು. "ನೂರು ಮಂದೀಗೆ ಅಂತ!"

ಇಂಪನಾ ಮೆಲ್ಲಗೆ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ರೀ, ಒಂದ್ನಿಮಿಷ. ಇವ್ರು ನಿಮ್ನ ಹೆಣ್ಣು ನೋಡೋಕ್ ಬಂದಿದಾರೆ ಅನ್ಸುತ್ತೆ. ಸೀರಿಯಸ್ಲಿ."

ನೀತಾಳಿಗೆ ಆಗ ಹೊಳೆಯಿತು. ತಮ್ಮ ಬಳಗದಲ್ಲಿ ಹೆಣ್ಣು ನೋಡಲು ಬನ್ನಿ ಎಂದು ಯಾರೂ ಬಾಯಿಬಿಟ್ಟು ಕರೆಯುವುದಿಲ್ಲ. ಮನೆಗೆ ಕರೆದು, ನೋಡಿ, ಒಲ್ಲೆ ಎಂದರೆ ಎರಡೂ ಕಡೆಗೆ ಮುಜುಗರ. ಅದಕ್ಕೇ ಯಾರದೋ ಮದುವೆ, ಎಲ್ಲೋ ಪೂಜೆ, ಒಂದು ಕಾರ್ಯಕ್ರಮ: ನಮ್ಮ ಹುಡುಗಿ ಇರ್ತಾಳ, ಹಂಗ ಸುಮ್ನ ಬಂದು ನೋಡ್ಕೊಂಡು ಹೋಗ್ರಿ. ಅವ್ವ ಸತ್ಯವನ್ನೇ ಹೇಳಿದ್ದರು. ದುರ್ದೈವಕ್ಕೆ, ತಲೆತಲಾಂತರದಿಂದ ಕನ್ಯೆ ತೋರಿಸುವ ಮಾತು ಕೂಡ ಅಕ್ಷರಶಃ ಅದೇ.

ಹೇಳಿಬಿಡಬೇಕು. ಹೇಳಿದರೆ ಆರು ಜನ ಗಾಡಿ ಹತ್ತುತ್ತಾರೆ, ಒಂಬತ್ತು ಉಳಿಯುತ್ತದೆ, ರಂಗೋಲಿ ಗೆಲ್ಲುತ್ತದೆ. ಹೇಳಬಾರದೆಂದರೆ ಬರಿಯ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಆ ವಿದ್ಯೆಯಲ್ಲಿ ಅವಳನ್ನು ಮೀರಿಸಿದವರು ಪುಣೆಯಲ್ಲಿಲ್ಲ. ಆದರೆ ಮುದುಕಿಯೊಬ್ಬರನ್ನು ಬಾರಾಮತಿಯಿಂದ ಕರೆಸಿ ಹಂಡೆ ತೋರಿಸಿ ಮೋಸ ಮಾಡುವುದು ಅವಳ ಮನಸ್ಸಿಗೆ ಒಗ್ಗಲಿಲ್ಲ.

"ರೀ," ಎಂದಳು. ಯಾರಿಗೂ ಕೇಳಿಸಲಿಲ್ಲ. "ರೀ! ಇದು ಹೆಣ್ಣು ನೋಡೋ ಕಾರ್ಯಕ್ರಮ ಅಲ್ರಿ. ಇದು ಬರೇ ಇತಿಹಾಸ."

ಎಲ್ಲರೂ ತಿರುಗಿದರು. ನೀತಾ ಆರು ಜನ ಬಾಗಿಲ ಕಡೆ ನಡೆಯುವುದನ್ನು ಕಾದಳು. ಈರಣ್ಣ ಸಮಾಧಾನದಿಂದ ನಕ್ಕರು.

"ಹಂಗ ಅನ್ನೂದಽ ರೂಢಿ ಬಿಡವಾ. ನಾವೂ ಹೆಣ್ಣು ನೋಡಾಕ ಬಂದಿಲ್ಲ. ಸುಮ್ನ ಬಂದೀವಿ."

"ಅಲ್ರಿ, ಖರೇನ..."

"ನಾವೂ ಖರೇನ."

ಜನ್ಮದಲ್ಲಿ ಒಂದು ಸಲ ಧೈರ್ಯ ಮಾಡಿ ಬಾಯಿಬಿಟ್ಟು ನಿಜ ಹೇಳಿದರೆ ಅದು ಸಭ್ಯತೆಯಾಗಿ ಹೋಯಿತು. ಇನ್ನು ದೇವರು ಬಂದು ಹೇಳಿದರೂ ಇವರು ನಂಬುವುದಿಲ್ಲವೆಂದು ಖಾತ್ರಿಯಾದ ಮೇಲೆ ನೀತಾಳಿಗೆ ಒಂಥರಾ ಹಗುರವಾಯಿತು. ಮುಂದಿನ ಕಪಾಟಿನಲ್ಲಿ ಹಳೆಯ ಇಳಕಲ್ ಸೀರೆಯಿತ್ತು. ಪುಣೆಯವರು ಇದನ್ನು ಇರಕಲ್ ಎನ್ನುತ್ತಾರೆ, ಎಷ್ಟೋ ಅಜ್ಜಿಯರು ಇದು ತಮ್ಮದೇ ಊರಿನದೆಂದು ಜಗಳ ಆಡುತ್ತಾರೆ ಎಂದು ಶುರುಮಾಡಿ, ಸೆರಗಿನ ತುದಿಯ ಬಿಳಿ ಗೋಪುರಗಳನ್ನು ತೋರಿಸಿದಳು. ಸೆರಗನ್ನು ಆಮೇಲೆ ಹೊಲಿದು ಕೂಡಿಸಿದ್ದಾರೆ ಎಂದಳು.

"ಹೊಲದಿಲ್ಲ," ಎಂದರು ಶಿವಗಂಗವ್ವ. "ಯಾರು ಹೇಳಿದ್ರು? ಮೈ ಹಾಸಿನ ಎಳಿ ಬ್ಯಾರೆ, ಸೆರಗಿನ ಹಾಸಿನ ಎಳಿ ಬ್ಯಾರೆ. ಎಳಿಗೆ ಎಳಿ ಕುಣಿಕಿ ಹಾಕಿ ಮಗ್ಗದ ಮ್ಯಾಲ ಕೂಡಸ್ತಾರ. ನಮ್ಮ ತವರಮನಿ ಓಣ್ಯಾಗ ಹಗಲೆಲ್ಲಾ ಇದಽ ಕೆಲಸ."

"ಆಮ್ಯಾಲ?" ಎಂದಳು ನೀತಾ. ತನ್ನ ಬಾಯಿಂದ ಹೊರಟ ಆ ಶಬ್ದಕ್ಕೆ ತಾನೇ ಬೆಚ್ಚಿದಳು.

ಆಮೇಲೆ ಅರ್ಧ ತಾಸು ಏನಾಯಿತೆಂದು ಅವಳಿಗೇ ಸರಿಯಾಗಿ ಗೊತ್ತಿಲ್ಲ. ಶಿವಗಂಗವ್ವ ಹೇಳಿದರು, ನೀತಾ ಅಡ್ಡ ಹೋದಳು. ಸೆರಗು ಯಾಕೆ ಕೆಂಪು ಎಂದರೆ ಇವಳೊಂದು ಹೇಳಿದಳು, ಅವರೊಂದು ಹೇಳಿದರು. ಇವಳು ತಾನು ಉಟ್ಟ ಸೀರೆಯ ಸೆರಗನ್ನೇ ಮುಂದೆ ಹಿಡಿದು "ನೋಡ್ರಿ ಬೇಕಾರ" ಎಂದಳು. ಅವರು ಕನ್ನಡಕ ಏರಿಸಿ ನೋಡಿ "ಇದು ಪವರ್‌ಲೂಮು" ಎಂದು ಎಲ್ಲರೆದುರು ಮಾನ ಕಳೆದರು. ಟೈಲ್ಸ್ ಅಂಗಡಿಯವರು ನಕ್ಕರು. ನೀತಾ ಕೂಡ ನಕ್ಕು, ಒಂದು ಮಾತಿನಿಂದ ಇನ್ನೊಂದು ಮಾತಿಗೆ ಹಾರಿದಳು. ಹನ್ನೆರಡೂವರೆಗೆ ಮಾಧುರಿತಾಯಿ ಬಂದು ಗಡಿಯಾರ ತೋರಿಸದಿದ್ದರೆ ಅವತ್ತು ಯಾರಿಗೂ ಊಟವಿರುತ್ತಿರಲಿಲ್ಲ.

ಹಾಜರಿ ಪುಸ್ತಕ ಮೇಜಿನ ಮೇಲೆ ಬಂತು. ಹೆಸರು, ಊರು, ಅಭಿಪ್ರಾಯ, ಸಹಿ. ಒಂಬತ್ತು ಸಹಿ ಸರಾಗವಾಗಿ ಬಿದ್ದವು. ಹತ್ತನೆಯ ಸಾಲಿಗೆ ಈರಣ್ಣ ಪೆನ್ನು ಹಿಡಿದವರು ತಟ್ಟನೆ ಕೆಳಗಿಟ್ಟರು.

"ಇದ್ಯಾಕ ಸಹಿ?"

"ಬಂದಿದ್ದಕ್ರಿ. ಕಾರ್ಯಕ್ರಮ ನೋಡಿದ್ದಕ್ಕ."

"ನೋಡಿದ್ದಕ್ಕ ಸಹಿ ಅಂತ ಮೂವತ್ತು ವರ್ಷದ ವ್ಯಾಪಾರದಾಗ ಕೇಳಿಲ್ಲವಾ. ನಾಳೆ ನಿಮ್ಮಪ್ಪ ಈ ಬುಕ್ಕ ತಂದು, ಸಹಿ ಹಾಕೀರಿ, ಮದುವಿ ಮಾಡ್ರಿ ಅಂದ್ರ?"

ಉಳಿದ ಐವರೂ ಒಂದು ಹೆಜ್ಜೆ ಹಿಂದೆ ಸರಿದರು. ಅವ್ವ ಮೂಲೆಯಲ್ಲಿ ನಿಂತು, ತಮ್ಮ ಫೋನಿನ ಮಾತೇ ಇಷ್ಟಕ್ಕೆಲ್ಲ ಕಾರಣವೆಂದು ಈಗಷ್ಟೇ ಅರ್ಥವಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಮಾಧುರಿತಾಯಿ ಕನ್ನಡ ತಿಳಿಯದೆ ಒಂದೊಂದೇ ಮುಖ ನೋಡುತ್ತಿದ್ದರು. ಅವರ ಬೆರಳು ಮಾತ್ರ ಒಂಬತ್ತನೆಯ ಸಾಲಿನ ಮೇಲಿತ್ತು.

ನೀತಾ ಈರಣ್ಣನ ಮುಂದೆ ಪುಸ್ತಕ ತಿರುಗಿಸಿದಳು. "ಕಾಕಾ, ಅಭಿಪ್ರಾಯ ಅಂತ ಜಾಗ ಅದ ನೋಡ್ರಿ. ಅಲ್ಲೆ, ಹುಡುಗಿ ಒಲ್ಲೆವು ಅಂತ ಬರೀರಿ. ಬರದು ಕೆಳಗ ಸಹಿ ಹಾಕ್ರಿ. ಆಮ್ಯಾಲ ಯಾರೂ ಏನೂ ಕೇಳಂಗಿಲ್ಲ."

ಈರಣ್ಣ ಅದನ್ನು ಎರಡು ಕಡೆಯಿಂದ ತೂಗಿ ನೋಡಿದರು. "ಇದು ಪಕ್ಕಾ ಆತು," ಎಂದು ಪೆನ್ನು ಎತ್ತಿಕೊಂಡರು. "ಹುಡುಗಿ ಚಲೋ ಅದಾಳ. ನಾವು ಒಲ್ಲೆವು." ಸಹಿ. ಹಿಂದಿನ ನಾಲ್ವರು, ಶಾಲೆಯ ಮಕ್ಕಳಂತೆ ಬಗ್ಗಿ ಬಗ್ಗಿ, ಅದನ್ನೇ ನಕಲು ಮಾಡಿದರು. ಒಂದೂವರೆ ತಾಸಿನಲ್ಲಿ ಐದು ಜನರಿಂದ ಬರವಣಿಗೆಯಲ್ಲಿ, ಅದೂ ತಾನೇ ಬೇಡಿ, ನಿರಾಕರಣೆ ಪಡೆದ ಕನ್ಯೆ ಇನ್ನೊಬ್ಬಳಿರಲಾರಳು ಎಂದುಕೊಳ್ಳುತ್ತ ನೀತಾ ಎಣಿಸಿದಳು. ಹದಿನಾಲ್ಕು.

ಶಿವಗಂಗವ್ವ ನಕಲು ಮಾಡಲಿಲ್ಲ. ಕೂತು, ನಿಧಾನವಾಗಿ, ದುಂಡಗೆ ತಮ್ಮದೇ ಸಾಲು ಬರೆದರು. ಹದಿನೈದು.

ಮಾಧುರಿತಾಯಿ ಪುಸ್ತಕ ಎಳೆದುಕೊಂಡು, "ಕಾಯ್ ಲಿಹಿಲಂಯ್?" ಎಂದು ಆ ಕೊನೆಯ ಸಾಲು ತೋರಿಸಿ, ಏನು ಬರೆದಿದ್ದಾರೆಂದು ಕೇಳಿದರು. ವಿಶ್ವಸ್ತರಿಗೆ ಅಭಿಪ್ರಾಯಗಳ ಅರ್ಥ ಬರೆದು ಕೊಡಬೇಕಿತ್ತು. ನೀತಾ ಓದಿದಳು. ಇನ್ನೊಮ್ಮೆ ಓದಿದಳು. ಅಲ್ಲಿ ಹೀಗಿತ್ತು: "ಹುಡುಗಿ ಮಾತು ಭಾಳ. ಹಿರಿಯರಿಗೆ ಎದುರಾಡತಾಳ. ನಮ್ಮ ಮನಿಗೆ ಆಗೂದಿಲ್ಲ."

ಅವಳು ಅದನ್ನು ಮರಾಠಿಯಲ್ಲಿ ಹೇಳುವಾಗ ಮುಖ ಕೆಂಪಾಗಿತ್ತು, ಆದರೆ ನಾಚಿಕೆಯಿಂದ ಎಂದು ಹೇಳಲಾಗದು. "ಅವರು ಹೇಳ್ತಾರೆ, ನಾನು ತುಂಬಾ ಮಾತಾಡ್ತೀನಂತೆ."

"ಛಾನ್!" ಎಂದು ಮೆಚ್ಚಿ ಮಾಧುರಿತಾಯಿ ಮುಂದಿನ ತಿಂಗಳ ಫಲಕ ಬರೆಯಲು ಸೀಮೆಸುಣ್ಣ ಎತ್ತಿಕೊಂಡರು.

ಗಾಡಿ ಹತ್ತುವ ಮುಂಚೆ ಶಿವಗಂಗವ್ವ ಬಾಗಿಲಲ್ಲಿ ನಿಂತು ಕೇಳಿದರು. "ಮುಂದಿನ ತಿಂಗಳೂ ಇರ್ತದೇನು?"

"ಇರ್ತದರಿ."

"ಯಾವ ಹುಡುಗಿ ಇರ್ತಾಳ?"

"ನಾನಽ ಇರ್ತೀನ್ರಿ."

"ಮತ್ತ ನೀನಽ?" ಶಿವಗಂಗವ್ವ ಒಂದು ಗಳಿಗೆ ಬೇಸರ ಮಾಡಿಕೊಂಡರು. ಆಮೇಲೆ ಸೆರಗು ಸರಿಮಾಡಿಕೊಂಡು ಗಾಡಿ ಏರಿದರು. "ಆತು. ನಮ್ಮವ್ವನ ಸೀರಿ ತರ್ತೀನಿ. ಕೈಮಗ್ಗದ್ದು. ಆಗ ನೋಡೂಣಂತ, ಯಾರದು ಖರೆ ಅಂತ."