ಬೆನ್ನು ತೋರಿಸದ ಹುಡುಗ

ನನ್ನ ಗಂಡ ಸತ್ತಾರ್ ಅವರು ಹುಡುಗರನ್ನು ಅಳೆಯುವುದು ಬೆನ್ನಿನಿಂದ. ಓದು, ಕೆಲಸ, ಮನೆತನ ಎಲ್ಲ ಆಮೇಲೆ. ಹಿರಿಯರ ಎದುರಿನಿಂದ ಎದ್ದು ಹೋಗುವಾಗ ಹುಡುಗ ಬೆನ್ನು ತೋರಿಸಿದನೋ ಇಲ್ಲವೋ, ಅದು ಮೊದಲು. ಇವರ ತಾತ ಮೈಸೂರಿನ ಒಂದು ದರ್ಗಾದಲ್ಲಿ ದೀಪ ಹಚ್ಚುವ ಸೇವೆ ಮಾಡುತ್ತಿದ್ದರು. ದರ್ಗಾದಿಂದ ಜನ ಹೇಗೆ ಒಂದೊಂದೇ ಹೆಜ್ಜೆ ಹಿಂದಿಟ್ಟು ಹೊರಗೆ ಬರುತ್ತಾರೋ, ಇವರ ಮನೆಯಲ್ಲಿ ಹಿರಿಯರ ಕೋಣೆಯಿಂದಲೂ ಹಾಗೇ ಬರಬೇಕಿತ್ತಂತೆ. ನನ್ನನ್ನು ನೋಡಲು ಬಂದ ದಿನವೂ ಇವರು ನಮ್ಮಪ್ಪನಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು, ಹೊಸ್ತಿಲು ಎಡವಿ, ಅಂಗಳದಲ್ಲಿ ನಿಂತಿದ್ದ ಸ್ಕೂಟರಿನ ಮೇಲೆ ಕೂತುಬಿಟ್ಟರು. ಸ್ಕೂಟರೂ ಬಿತ್ತು, ಇವರೂ ಬಿದ್ದರು. ಕಿಟಕಿಯ ಹಿಂದೆ ನಿಂತಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕು, ಇವರೇ ಆಗಲಿ ಎಂದೆ. ಅಪ್ಪ ಮಾತ್ರ ಒಡೆದ ಕನ್ನಡಿಗಾಗಿ ಬಹಳ ಕಾಲ ಗೊಣಗುತ್ತಿದ್ದರು.

ಈಗ ನಾವಿರುವುದು ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ. ಇಲ್ಲಿ ಯಾರ ಮನೆಗೆ ಹೋದರೂ ಹುಡುಗರು ಸೋಫಾದಿಂದ ಎದ್ದು, ‘ಬೈ ಅಂಕಲ್’ ಎಂದು ಮೆಟ್ಟಿಲು ಹತ್ತಿ ಮಾಯವಾಗುತ್ತಾರೆ. ನಮ್ಮ ಮಗಳು ಶಿಫಾಗೆ ನೋಡಿದ ಸಂಬಂಧಗಳೆಲ್ಲ ಆ ಮೆಟ್ಟಿಲಲ್ಲೇ ಮುಗಿದವು. ಅದರಲ್ಲೊಬ್ಬ ಡೆಂಟಿಸ್ಟ್ ಹುಡುಗ ಚಿನ್ನದಂಥವನು. ಫೋನ್ ಬಂತೆಂದು ತಿರುಗಿ ಕಿಟಕಿಯ ಕಡೆ ಹೋದ. ಹೋದವನು ಹೋದ. ಕಾರಿನಲ್ಲಿ ಬರುವಾಗ ನಾನು ಎಷ್ಟು ಹೇಳಿದರೂ ಇವರು, ‘ಬೆನ್ನು ನೋಡಿದ್ಯಾ, ಬಾಗಿಲಷ್ಟಗಲ ಇತ್ತು’ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

ಕೋವಿಡ್ ಮುಗಿದ ಮೇಲೆ ಪ್ರತಿ ಜುಲೈಯಲ್ಲಿ ನಾವು ರಜೆ ಹಾಕಿ ನಾರ್ತ್ ಕೆರೊಲಿನಾದ ಕಾಡಿನಲ್ಲಿ ನಡೆಯುವ ಮುಸ್ಲಿಂ ಮಕ್ಕಳ ಸಮ್ಮರ್ ಕ್ಯಾಂಪಿಗೆ ಕೆಲಸಕ್ಕೆ ಹೋಗುತ್ತೇವೆ. ವರ್ಷವೆಲ್ಲ ರಾಕ್‌ವಿಲ್ಲಿನ ಲ್ಯಾಬಿನಲ್ಲಿ ಹನಿ ಹನಿ ಅಳೆಯುವ ನಾನು ಅಲ್ಲಿ ಅಡುಗೆಮನೆಯಲ್ಲಿ ಸೌಟು ಹಿಡಿಯುತ್ತೇನೆ. ಇವರದು ನಮಾಜಿನ ಹೊತ್ತು, ಶಿಸ್ತು ಮತ್ತು ಗದರುವಿಕೆ. ಡರ್ಹಮ್‌ನಲ್ಲಿ ಫಿಸಿಕಲ್ ಥೆರಪಿಸ್ಟ್ ಆಗಿರುವ ಶಿಫಾಗೆ ಕೆನೂಗಳ ಉಸ್ತುವಾರಿ. ಕೆನೂ ಎಂದರೆ ಬಾಳೆಕಾಯಿ ಸೀಳಿಟ್ಟ ಹಾಗಿರುವ ಸಪೂರ ದೋಣಿ. ಮುಂದೊಬ್ಬರು, ಹಿಂದೊಬ್ಬರು, ಇಬ್ಬರೂ ಮುಂದಕ್ಕೇ ಮುಖ ಮಾಡಿ ಕೂತು ಹುಟ್ಟು ಹಾಕಬೇಕು. ದಿಕ್ಕು ತಿರುಗಿಸುವ ಅಧಿಕಾರ ಹಿಂದೆ ಕೂತವರದು. ಕ್ಯಾಂಪಿನಲ್ಲಿ ಉರ್ದು, ಅರಬ್ಬಿ, ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಆದ್ದರಿಂದ ಗುಟ್ಟು ಮಾತಾಡಲು ನಮ್ಮ ಮನೆಯವರಿಗೆ ಕನ್ನಡವೇ ಗತಿ.

ಈ ಸಲ ಬಂದ ಎರಡನೆಯ ದಿನವೇ ನಾನು ಈರುಳ್ಳಿ ಹುರಿಯುತ್ತಿದ್ದಾಗ ಶಿಫಾ ಪಕ್ಕಕ್ಕೆ ಬಂದು ನಿಂತಳು.

“ಅಮ್ಮಿ, ನಂಗೆ ಒಬ್ಬ ಇಷ್ಟ. ಹೀ ಈಸ್ ಹಿಯರ್. ಸಾಕಿಬ್.”

ಸಾಕಿಬ್ ಯಾರೆಂದು ನನಗೆ ಗೊತ್ತಿತ್ತು. ಬೆಂಗಳೂರಿನ ಫ್ರೇಜರ್ ಟೌನಿನ ಹುಡುಗ, ಡರ್ಹಮ್‌ನಲ್ಲಿ ರಿಸರ್ಚ್ ಮಾಡುತ್ತಾನೆ. ಕ್ಯಾಂಪಿಗೆ ಮೊದಲ ಸಲ ಬಂದಿದ್ದಾನೆ. ಕಾಡು, ಕೆರೆ, ಸೊಳ್ಳೆ ಯಾವುದೂ ಆಗದವನು ಯಾಕೆ ಬಂದ ಎಂಬುದು ಆಗ ಹೊಳೆಯಿತು.

“ಕ್ಯಾಂಪ್ ಮುಗಿಯೋ ದಿನ ನಾನು ಅಬ್ಬುಗೆ ಹೇಳ್ತೀನಿ. ಅವ್ರು ನೋ ಅಂದ್ರೆ ಐ ವೋಂಟ್ ಫೈಟ್. ಬಟ್ ಬೇರೆ ಯಾರನ್ನೂ ನೋಡಲ್ಲ, ಎವರ್,” ಎಂದಳು. ಹೆತ್ತ ಕರುಳಲ್ಲವೇ, ನನ್ನ ಈರುಳ್ಳಿ ಸೀದುಹೋಯಿತು.

“ಅಲ್ಲೀವರೆಗೂ ನೀನು ಬಾಯಿ ಮುಚ್ಕೊಂಡಿರು. ಹುಡುಗನ್ನ ನಂಗೆ ಬಿಡು,” ಎಂದೆ.

ಸಾಕಿಬ್‌ನನ್ನು ಅಡುಗೆಮನೆಯ ಹಿಂದಕ್ಕೆ ಕರೆಸಿ ಪಾಠ ಮಾಡಿದೆ. “ನೋಡಪ್ಪ, ಅಂಕಲ್ ಎದುರಿಗೆ ಏನು ಬೇಕಾದ್ರೂ ಮಾಡು, ಬೆನ್ನು ಮಾತ್ರ ತೋರಿಸ್ಬೇಡ. ಬಾಗಿಲಿಂದ ಹೋಗೋವಾಗ, ತಟ್ಟೆ ಎತ್ತೋವಾಗ, ಯಾವಾಗ್ಲೂ. ಬೆನ್ನು ತೋರಿಸಿದ್ಯೋ, ಮುಗೀತು.”

“ಶೂರ್ ಆಂಟಿ,” ಎಂದ ಪಾಪ. ಹೇಳಿದ್ದನ್ನು ಅಕ್ಷರಶಃ ಮಾಡುವ ಹುಡುಗ ಎಂದು ನನಗೇನು ಗೊತ್ತು? ಅಂದಿನ ರಾತ್ರಿಯೂಟಕ್ಕೆ ಶರಬತ್ತಿನ ಟ್ರೇ ಹಿಡಿದು ಹಿಂದೆ ಹಿಂದೆ ನಡೆದು ಸಾಲಾಗಿ ಕೂತಿದ್ದ ಮಕ್ಕಳ ಮೇಲೆ ಚೆಲ್ಲಿದ. ಮಾರನೆಯ ದಿನ ನಮಾಜು ಮುಗಿಸಿ ಹುಲ್ಲಿನ ಮೇಲೆ ಇವರಿಗೆ ಸಲಾಂ ಹೇಳುತ್ತಾ ಹಿಂದೆ ಸರಿದವನು ವಾಲಿಬಾಲ್ ನೆಟ್ಟಿಗೆ ಸಿಕ್ಕಿಕೊಂಡ. ಬಿಡಿಸಲು ಶಿಫಾ ಕತ್ತರಿ ತರಬೇಕಾಯಿತು. ನಾನು ಮನಸ್ಸಿನಲ್ಲೇ ಶಭಾಷ್ ಎಂದುಕೊಂಡು ಇವರ ಮುಖ ನೋಡಿದೆ. ಇವರು ಗಡ್ಡ ನೀವಿಕೊಳ್ಳುತ್ತಿದ್ದರು.

“ಆಬಿದಾ, ಆ ಹುಡುಗನ ಮೇಲೆ ಒಂದು ಕಣ್ಣಿಡು.”

“ಯಾಕ್ರೀ? ಎಷ್ಟು ಅದಬ್ ಇದೆ ಅವನಿಗೆ!”

“ಅದೇ ನನ್ನ ಪಾಯಿಂಟು. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ನಮ್ ಮೇಷ್ಟ್ರು ಹೇಳ್ತಿದ್ರು. ಇವನು ಏನೋ ಮುಚ್ಚಿಡ್ತಿದಾನೆ.”

ಬೆನ್ನು ತೋರಿಸಿದವರೆಲ್ಲ ಒರಟರು, ತೋರಿಸದವನು ಕಳ್ಳ! ಇಂಥ ಮಾವನಿಗೆ ಅಳಿಯನನ್ನು ಎಲ್ಲಿಂದ ತರುವುದು? ಗೋಡೆಗೆ ಅಂಟಿಸಿದ ಫೋಟೋ ಒಂದೇ ಸರಿ. ಆದರೆ ಸಾಕಿಬ್‌ಗೆ ಈಗ ಬೆನ್ನು ತೋರಿಸು ಎಂದು ಹೇಳುವುದು ಹೇಗೆ? ಅವನು ಅದನ್ನೂ ಅಕ್ಷರಶಃ ಮಾಡಿದರೆ?

ಶುಕ್ರವಾರ ಬಂತು. ಕ್ಯಾಂಪಿನ ಪದ್ಧತಿಯಂತೆ ದೊಡ್ಡ ಮಕ್ಕಳು ಆ ದಿನ ಕೆನೂ ಹತ್ತಿ ಕೆರೆಯ ಆಚೆ ದಡಕ್ಕೆ ಹೋಗಿ ಕಾಡಿನಲ್ಲಿ ಟೆಂಟು ಹಾಕುತ್ತಾರೆ. ಅಲ್ಲಿಗೆ ರಸ್ತೆಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಬಿರಿಯಾನಿ ನೀರಿನ ಮೇಲೆಯೇ ಹೋಗಬೇಕು. ಶಿಫಾ ಮಕ್ಕಳನ್ನು ಕರೆದುಕೊಂಡು ಮೊದಲೇ ಹೊರಟಳು. ಉಳಿದದ್ದು ಒಂದು ಕೆನೂ, ಸತ್ತಾರ್, ಸಾಕಿಬ್, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ದಮ್ ಹಾಕಿದ್ದ ಪಾತ್ರೆ. ಪಾತ್ರೆಯನ್ನು ಇವರಿಬ್ಬರ ಕೈಗೆ ಕೊಟ್ಟು ನಾನು ದಡದಲ್ಲಿ ನಿಲ್ಲುವುದುಂಟೇ? ಲೈಫ್ ಜಾಕೆಟ್ ಕಟ್ಟಿಸಿಕೊಂಡು ನಡುವೆ ಕೂತು ಪಾತ್ರೆಯನ್ನು ಮೊಮ್ಮಗುವಿನಂತೆ ತಬ್ಬಿಕೊಂಡೆ.

ಹಿಂದಿನ ಸೀಟು ಯಾರದು ಎಂಬ ಪ್ರಶ್ನೆಯೇ ಇರಲಿಲ್ಲ. ಮದುವೆಯಾದಾಗಿನಿಂದ ಇವರು ಗಾಡಿಯ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ನನಗೂ ಲೈಸೆನ್ಸ್ ಇದೆ, ಪರ್ಸಿನಲ್ಲಿ ಇದೆ. ಇವರು ಹಿಂದೆ ಹೋಗಿ ಹುಟ್ಟು ಹಿಡಿದು ದೊರೆಯಂತೆ ಕೂತರು. ಸಾಕಿಬ್ ಮುಂದಿನ ಸೀಟನ್ನು ನೋಡಿದ, ಇವರನ್ನು ನೋಡಿದ, ನನ್ನನ್ನು ನೋಡಿದ. ಅಲ್ಲಿ ಕೂತರೆ ದಾರಿಯುದ್ದಕ್ಕೂ ಇವರಿಗೆ ಅವನ ಬೆನ್ನೇ ದರ್ಶನ. ನಾನು ಏನಾದರೂ ಹೇಳುವ ಮೊದಲೇ ಹುಡುಗ ಬಿಸ್ಮಿಲ್ಲಾ ಎಂದು ನಮ್ಮ ಕಡೆ ಮುಖ ಮಾಡಿ ಕೂತುಬಿಟ್ಟ.

“ಏನಪ್ಪಾ, ಹಂಗೆ ಕೂತಿದೀಯ?”

“ಪರವಾಗಿಲ್ಲ ಅಂಕಲ್. ಐ ಆಮ್ ಕಂಫರ್ಟಬಲ್.”

ಹೊರಟೆವು. ಹೊರಟೆವು ಎನ್ನುವುದು ತಪ್ಪು. ಇವರು ಆಚೆ ದಡದ ಕಡೆಗೆ ಎಳೆದರು, ಅವನು ಈಚೆ ದಡದ ಕಡೆಗೆ ಎಳೆದ. ಇಬ್ಬರೂ ತಮ್ಮ ತಮ್ಮ ಬಲಗಡೆ ಹುಟ್ಟು ಹಾಕುತ್ತಿದ್ದರು. ಎದುರುಬದುರು ಕೂತವರ ಬಲಗಳು ಬೇರೆ ಬೇರೆ ಎಂಬುದು ಇಬ್ಬರ ತಲೆಗೂ ಹೋಗಲಿಲ್ಲ. ಕೆನೂ ಗಾಣದ ಎತ್ತಿನಂತೆ ನಿಂತಲ್ಲೇ ಸುತ್ತತೊಡಗಿತು. ಪೈನ್ ಮರಗಳು ಬಂದವು, ಕ್ಯಾಂಪಿನ ಶೆಡ್ಡು ಬಂತು, ಮತ್ತೆ ಪೈನ್ ಮರಗಳು ಬಂದವು.

“ಸ್ವಲ್ಪ ಜೋರಾಗಿ ಹಾಕು,” ಎಂದರು ಇವರು.

“ಹಾಕ್ತಿದೀನಿ ಅಂಕಲ್.” ಹಾಕಿದ. ಇನ್ನೂ ಜೋರಾಗಿ ಸುತ್ತಿತು.

“ರೀ, ನಂಗೆ ತಲೆ ತಿರುಗ್ತಿದೆ.”

“ನೀನು ಸುಮ್ನಿರು, ನಿನ್ನ ಪಾತ್ರೆ ಭಾರ ಒಂದೇ ಕಡೆ ಇದೆ.”

ನನ್ನ ಪಾತ್ರೆಯಂತೆ! ಆಚೆ ದಡದಿಂದ ಶಿಫಾಳ ಸೀಟಿ ಕೇಳಿಸಿತು. ಇಲ್ಮಾ ಎಂಬ ಬಾಯಿಬಡುಕಿ ಹುಡುಗಿ, “ಆಂಟಿ, ವೈ ಆರ್ ಯೂ ಗೈಸ್ ಸ್ಪಿನ್ನಿಂಗ್?” ಎಂದು ಕೂಗಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದನ್ನು ಆ ಕೂಸಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳಲಿ?

ಗಾಳಿ ಮಾತ್ರ ನಮಗೆ ಸಹಾಯ ಮಾಡಿತು. ಸುತ್ತುತ್ತಲೇ ಕೆರೆಯ ಅರ್ಧ ದಾಟಿ ಪಕ್ಕದ ದಡದತ್ತ ಸರಿದೆವು. ಅಲ್ಲಿ ನೀರಿಗೆ ಅಡ್ಡಬಿದ್ದ ಒಂದು ದೊಡ್ಡ ಮರ, ಅದರ ಮೇಲೆ ಸಾಲಾಗಿ ಬಿಸಿಲು ಕಾಯಿಸುತ್ತಿದ್ದ ಆಮೆಗಳು. ಆ ಹೊತ್ತಿಗೆ ಮರ ಸಾಕಿಬ್‌ನ ಬೆನ್ನ ಹಿಂದಿತ್ತು.

“ಹಿಂದೆ ಮರ ಇದೆ, ತಿರುಗೋ!”

“ನೀವು ಹೇಳಿ ಅಂಕಲ್, ಸಾಕು. ಲೆಫ್ಟಾ, ರೈಟಾ?”

“ಲೆಫ್ಟ್! ನನ್ ಲೆಫ್ಟ್! ನಿನ್ ರೈಟ್! ಅಯ್ಯೋ, ತಿರುಗಿ ನೋಡಯ್ಯಾ!”

ಹೇಳುತ್ತಾ ಹೇಳುತ್ತಾ ಇವರು ಎದ್ದು ನಿಂತರು. ಕೆನೂದಲ್ಲಿ ಎದ್ದು ನಿಲ್ಲಬಾರದೆಂದು ವರ್ಷವೂ ಮಕ್ಕಳಿಗೆ ಗದರುವವರು ಇವರೇ. ಆಮೆಗಳು ಬುಳಬುಳನೆ ನೀರಿಗೆ ಧುಮುಕಿದವು, ಅವುಗಳ ಹಿಂದೆಯೇ ನಾವೂ.

ಎರಡು ಗುಟುಕು ನೀರು ಕುಡಿದು, ಕಲ್ಮಾ ಹೇಳಿಕೊಂಡು ಕಾಲು ಬಡಿದಾಗ ಕೆಸರು ಸಿಕ್ಕಿತು. ಮರದ ಬುಡದಲ್ಲಿ ನೀರು ಸೊಂಟದಷ್ಟೇ ಇತ್ತು. ಮೂವರೂ ಎದ್ದು ನಿಂತೆವು. ಇವರ ಗಡ್ಡದಲ್ಲಿ ಪಾಚಿ. ಸಾಕಿಬ್‌ನ ಟೋಪಿ ಕೊಂಬೆಯ ಮೇಲೆ. ನನ್ನ ಬಿರಿಯಾನಿ? ಹಿಟ್ಟು ಮೆತ್ತಿದ ಪಾತ್ರೆ ಒಂದು ಹನಿ ನೀರನ್ನೂ ಒಳಗೆ ಬಿಡದೆ ತೇಲಿಕೊಂಡು, ಸಾಕಿಬ್‌ನ ಬೆನ್ನ ಹಿಂದೆ ಗಾಳಿ ಬೀಸಿದ ಕಡೆಗೆ ತನ್ನ ಪಾಡಿಗೆ ಹೊರಟಿತ್ತು.

“ಬಿರಿಯಾನಿ!” ಎಂದು ಕಿರುಚಿದೆ.

ಸಾಕಿಬ್ ಕತ್ತು ಮಾತ್ರ ತಿರುಗಿಸಿ ಪಾತ್ರೆಯನ್ನು ನೋಡಿದ. ಆಮೇಲೆ ಇವರ ಕಡೆ ನೋಡಿ, ಎದೆಯ ಮೇಲೆ ಕೈಯಿಟ್ಟು ಕೇಳಿದ.

“ಅಂಕಲ್, ಬೆನ್ನು ತೋರಿಸ್ಲಾ?”

“ತೋರಿಸಯ್ಯಾ! ಊಟ ಹೋಗ್ತಿದೆ ಅಲ್ಲಿ! ಓಡು!”

ಓಡಿದ. ನೀರನ್ನು ಎಮ್ಮೆಯಂತೆ ಸೀಳಿಕೊಂಡು ಹೋಗಿ, ಎದೆಮಟ್ಟದ ನೀರಿನಲ್ಲಿ ಪಾತ್ರೆಯ ಕಿವಿ ಹಿಡಿದು ನಿಲ್ಲಿಸಿದ. ಆ ಕಡೆಗೆ ಸುತ್ತಿ ಬಂದು, ನಮಗೆ ಮುಖ ಮಾಡಿಕೊಂಡೇ ಅದನ್ನು ತಳ್ಳುತ್ತಾ ವಾಪಸು ತಂದ. ನನಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಭಯವೂ ತಡೆಯಲಾಗಲಿಲ್ಲ. ನನ್ನ ಮಗಳ ಇಡೀ ಬಾಳು ಈಗ ಈ ಪಾಚಿಗಡ್ಡದ ಬಾಯಿಂದ ಬರುವ ಮೊದಲ ಮಾತಿನಲ್ಲಿತ್ತು.

ಇವರು ಮೊದಲು ಕೆನೂ ಎತ್ತಿ ನೀರು ಚೆಲ್ಲಲು ಕೈ ಹಾಕಿದರು. ಪಾತ್ರೆ ಇಡಿಸಿದರು, ನನ್ನನ್ನು ಎತ್ತಿ ಕೂರಿಸಿದರು. ಆಮೇಲೆ ಪ್ಯಾಂಟು ಹಿಂಡಿಕೊಂಡು ನಡೆದು ಹೋಗಿ ಮುಂದಿನ ಸೀಟಿನಲ್ಲಿ, ಮುಂದಕ್ಕೆ ಮುಖ ಮಾಡಿ ಕೂತರು.

“ಹಿಂದೆ ಕೂತ್ಕೊಳಪ್ಪ,” ಎಂದರು. “ನೀನೇ ನಡೆಸು.”

ಸಾಕಿಬ್ ಹಿಂದೆ ಕೂತ. ಅವನಿಗೆ ಹುಟ್ಟು ಹಾಕಲು ಬರುವುದಿಲ್ಲವೆಂಬುದು ಅಷ್ಟರಲ್ಲಿ ಕೆರೆಯ ಮೀನುಗಳಿಗೂ ಗೊತ್ತಾಗಿತ್ತು. ಕೆನೂ ಹಾವಿನಂತೆ ಅತ್ತ ಹರಿಯಿತು, ಇತ್ತ ಹರಿಯಿತು. ಇವರ ಕಿವಿಗಳು ಕೆಂಪಗಾದವು, ಕತ್ತಿನ ನರ ಉಬ್ಬಿತು. ತಿರುಗಿ ಒಂದು ಮಾತು ಹೇಳಲು ಹೆಗಲು ಎದ್ದೆದ್ದು ಕೂರುತ್ತಿತ್ತು. ಆದರೂ ತಿರುಗಲಿಲ್ಲ. ಆ ಬೆನ್ನನ್ನು ನೋಡಿ ನನಗೆ ಯಾಕೋ ಕಣ್ಣು ತುಂಬಿ ಬಂತು.

“ಆಬಿದಾ,” ಎಂದರು ಮುಂದೆ ನೋಡುತ್ತಲೇ, ಕನ್ನಡದಲ್ಲಿ. “ನಿಮ್ಮಪ್ಪನ ಸ್ಕೂಟರ್‌ದು ಯಾವ ಕಡೆ ಕನ್ನಡಿ ಒಡೆದಿತ್ತು?”

“ಎಡಗಡೇದು ರೀ.”

“ಹೂಂ. ಕ್ಯಾಂಪಲ್ಲಿ ಸೇವೆ ಮಾಡೋಕೆ ಬಂದ ಯಾವ ಹುಡುಗನೂ ಇಷ್ಟು ಹಿಂದೆ ಹಿಂದೆ ನಡೆಯಲ್ಲ. ಹೆಣ್ಣು ಕೇಳೋಕೆ ಬಂದವನು ನಡೀತಾನೆ.”

ಬೆಂಗಳೂರಿನವನಿಗೆ ಕನ್ನಡ ಬರುತ್ತದೆಂಬುದು ಇವರಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹಿಂದೆ ಹುಟ್ಟು ನಿಂತಿತು.

“ಯಾಕೆ ನಿಲ್ಸಿದ್ಯಪ್ಪಾ? ಮಕ್ಕಳು ಹಸಿದಿದಾರೆ.”

ದಡದಲ್ಲಿ ಶಿಫಾ ಮೊಣಕಾಲಿನವರೆಗೆ ನೀರಿಗಿಳಿದು ನಿಂತಿದ್ದಳು. ಮುಂದೆ ಕೂತ ಅಪ್ಪನನ್ನೂ ಹಿಂದೆ ಕೂತ ಸಾಕಿಬ್‌ನನ್ನೂ ಎರಡೆರಡು ಸಲ ನೋಡಿದಳು. “ಅಮ್ಮಿ, ಅಬ್ಬು ಲೆಟ್ ಹಿಮ್ ಡ್ರೈವ್?” ಎಂದು ಪಿಸುಗುಟ್ಟಿದಳು. ಹೂಂ ಎಂದೆ. ಅವಳು ನನ್ನ ಒದ್ದೆ ಹೆಗಲಿಗೆ ಮುಖ ಒತ್ತಿ ಅತ್ತಳು. ಮಕ್ಕಳು ನಮ್ಮಿಬ್ಬರನ್ನೂ ಬಳಸಿಕೊಂಡು ಪಾತ್ರೆಯ ಕಡೆ ಓಡಿದರು. ಅನ್ನ ಒಂದಗುಳೂ ಒದ್ದೆಯಾಗಿರಲಿಲ್ಲ, ಅದನ್ನಿಲ್ಲಿ ಹೇಳಲೇಬೇಕು.

ಕ್ಯಾಂಪ್ ಮುಗಿದ ದಿನ ಸಾಮಾನು ಗಾಡಿಗೆ ತುಂಬಿದೆವು. ಶಿಫಾ, ಸಾಕಿಬ್ ಇಬ್ಬರೂ ಬೀಳ್ಕೊಡಲು ಬಂದು ನಿಂತರು. ಕೀಲಿ ಕೊಡುವ ಅಭ್ಯಾಸ ಹೇಗೂ ಶುರುವಾಗಿದೆಯಲ್ಲ ಎಂದು ನಾನು ಇವರ ಮುಂದೆ ಕೈಯೊಡ್ಡಿದೆ.

“ಗೈದರ್ಸ್‌ಬರ್ಗ್‌ವರೆಗೂ ನಾನ್ ಡ್ರೈವ್ ಮಾಡ್ತೀನಿ ರೀ.”

ಇವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. “ಅಳಿಯನಿಗೆ ದೋಣಿ ಕೊಟ್ಟೆ. ಹೆಂಡತಿಗೆ ಕಾರು ಕೊಡ್ತೀನಿ ಅಂತ ಯಾವಾಗ ಹೇಳ್ದೆ?”

ಆ ಮಾತಿನಲ್ಲಿದ್ದ ಒಂದು ಪದ ಸಾಕಿಬ್‌ನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಕೂಡಲೇ ಕೈಯೆತ್ತಿ ಸಲಾಂ ಮಾಡಿ, ಹಿಂದೆ ಹಿಂದೆ ಸರಿದು, ಬೋರಲು ಹಾಕಿದ್ದ ಕೆನೂ ಎಡವಿ ಅದರ ಮೇಲೆ ಕೂತುಬಿಟ್ಟ. ಶಿಫಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನನಗೆ ಗೊತ್ತಿದ್ದದ್ದೇ.