ದುವಾಕ್ಕೆಂದು ಹೇಳಿದ ಮಾತು

ಈ ಭಾನುವಾರ ರಮ್ಶಾಳ ಪಾಲಿಗೆ ಬಂದಿದ್ದ ಶಬ್ದ ಗೀಬತ್.

ಅಮೆರಿಕದ ಸ್ಯಾನ್ ಹೊಸೆಯ ಸಾಲೇಹಾ ಖಾಲಾ ಅವರ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಭಾನುವಾರ ಹೆಂಗಸರು ಸೇರಿ, ಒಬ್ಬೊಬ್ಬರು ಒಂದೊಂದು ಅರಬ್ಬಿ ಶಬ್ದದ ಅರ್ಥ ಹೇಳುತ್ತಿದ್ದರು. ತಾಳ್ಮೆಯೆಂಬ ಸಬ್ರ್ ಆಗಿತ್ತು, ದೇವರ ಮೇಲೆ ಭಾರ ಹಾಕುವ ತವಕ್ಕುಲ್ ಆಗಿತ್ತು. ರಮ್ಶಾ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹೋದ ವರ್ಷ ಮದುವೆಯಾಗಿ ಹುಬ್ಬಳ್ಳಿಯಿಂದ ಬಂದವಳು. ಇಷ್ಟು ದಿನ ಚಹಾದ ನೆಪದಲ್ಲಿ ಅಡುಗೆಮನೆ ಸೇರಿ ತಪ್ಪಿಸಿಕೊಂಡಿದ್ದಳು. ಅವಳನ್ನು ವಾರವಾರ ಕಾರಿನಲ್ಲಿ ಕರೆತರುತ್ತಿದ್ದವಳು ಮೈಸೂರಿನ ಯುಸ್ರಾ. ಈ ಊರಿನಲ್ಲಿ ರಮ್ಶಾ ಬಾಯಿಬಿಟ್ಟು ಮಾತಾಡುತ್ತಿದ್ದುದು ಅವಳೊಬ್ಬಳ ಜೊತೆಗೇ.

"ಹೇಳಮ್ಮಾ, ಇಲ್ಲಿ ಪರೀಕ್ಷೆ ಏನಿಲ್ಲ," ಎಂದರು ಖಾಲಾ.

"ಗೀಬತ್ ಅಂದ್ರ... ಬೆನ್ನ ಹಿಂದ ಸುಳ್ಳು ಹೇಳೂದ್ರೀ."

"ಸುಳ್ಳಾದ್ರೆ ಅದು ಬೊಹ್ತಾನ್. ಎದುರಿಗಿಲ್ಲದವರ ಬಗ್ಗೆ, ಅವರು ಕೇಳಿದ್ರೆ ನೊಂದುಕೊಳ್ಳೋ ಮಾತು, ನಿಜವೇ ಇದ್ರೂ ಆಡಬಾರದು. ಆಡಿದ್ರೆ ಅದೇ ಗೀಬತ್. ಅವರ ಹತ್ರಾನೇ ಹೋಗಿ ಮಾಫಿ ಕೇಳಬೇಕು." ಅಷ್ಟು ಹೇಳಿದ ಖಾಲಾ ಯಾಕೋ ಕನ್ನಡಕ ತೆಗೆದು ಒರೆಸತೊಡಗಿದರು.

ರಮ್ಶಾಳ ಕಿವಿ ಬಿಸಿಯಾಯಿತು. ಎರಡು ವಾರದ ಹಿಂದೆ ಮಟಮಟ ಮಧ್ಯಾಹ್ನ ಲೈಬ್ರರಿಯಲ್ಲಿ ಯುಸ್ರಾಳ ಗಂಡ ವಾಹಿದ್ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮುಂದೆ ಪೇಪರಿನ ಕೆಲಸದ ಜಾಹೀರಾತು. ಸೊಂಟದಲ್ಲಿ ಸದಾ ಇರುತ್ತಿದ್ದ ಆಫೀಸಿನ ಬ್ಯಾಡ್ಜು ಮಾತ್ರ ಇರಲಿಲ್ಲ. ದಿನಕ್ಕೊಂದು ಕಂಪನಿ ಮುಚ್ಚುತ್ತಿದ್ದ ಕಾಲ. ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. "ಪಾಪ, ಕೆಲಸ ಹೋಗ್ಯಾದ, ದುವಾ ಮಾಡ್ರಿ ಖಾಲಾ," ಎಂದು ಒಬ್ಬರ ಕಿವಿಗಷ್ಟೇ ಹಾಕಿದ್ದಳು. ಖಾಲಾ ದುವಾಕ್ಕೆಂದೇ ಇನ್ನಿಬ್ಬರಿಗೆ ಹೇಳಿದರು. ಆ ಇಬ್ಬರೂ ದುವಾಕ್ಕೆಂದೇ ಮುಂದೆ ದಾಟಿಸಿದರು.

ವಾಪಸು ಬರುವಾಗ ಯುಸ್ರಾ ಫ್ರೀವೇ ಇಳಿದು ಊರೊಳಗಿನ ರಸ್ತೆಗೆ ತಿರುಗಿದಳು. ಆಮೇಲೆ ಕೇಳಿದಳು: "ಈ ವಾರ ಮೂರು ಮನೆಯಿಂದ ಬಿರಿಯಾನಿ ಬಂತು. ಹಬ್ಬ ಇಲ್ಲ, ಹರಿದಿನ ಇಲ್ಲ. ನಮ್ಮನೆಯವರ ಕೆಲಸ ಹೋದದ್ದು ಯಾರೇ ಹೇಳಿದ್ದು?"

ಸುಮ್ಮನಿದ್ದರೆ ಯುಸ್ರಾಗೆ ತಿಳಿಯುತ್ತಿರಲಿಲ್ಲ. ಹೇಳಿದರೆ ಈ ಕಾರಿನ ಬಾಗಿಲು ಮತ್ತೆ ತನಗೆ ತೆರೆಯಲಿಕ್ಕಿಲ್ಲ. ರಮ್ಶಾ ಸೀಟ್‌ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನಽ ಆಪಾ. ಮರುಕ ಬಂದು ಹೇಳಿದೆ. ಆದ್ರೂ ತಪ್ಪಽ. ಮಾಫ್ ಮಾಡ್ರಿ."

ಯುಸ್ರಾ ಕಾರನ್ನು ರಮ್ಶಾಳ ಅಪಾರ್ಟ್‌ಮೆಂಟಿನ ಮುಂದೆ ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ. "ಅವರು ತಮ್ಮ ಅಮ್ಮನಿಗೂ ಹೇಳಿರಲಿಲ್ಲ ಗೊತ್ತಾ? ಯಾವಳೋ ಮೈಸೂರಿಗೆ ಫೋನ್ ಮಾಡಿ ಹೇಳಿದಾಳೆ. ರಾತ್ರಿಯೆಲ್ಲಾ ಅತ್ತರಂತೆ ನಮ್ಮತ್ತೆ."

ರಮ್ಶಾ ಇಳಿದು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ಕಾರು ಹೊರಡಲಿಲ್ಲ. ಕಿಟಕಿಯ ಗಾಜು ಕೆಳಗಿಳಿಯಿತು.

"ಮಂಗಳವಾರ ಅವರಿಗೆ ಮೌಂಟನ್ ವ್ಯೂನಲ್ಲಿ ಇಂಟರ್‌ವ್ಯೂ ಇದೆ," ಎಂದಳು ಯುಸ್ರಾ, ರಸ್ತೆ ನೋಡುತ್ತಲೇ. "ದುವಾ ಮಾಡು. ನೀನೊಬ್ಬಳೇ."