ಆಚೆದಡದವರ ಸಾವಿನ ಮನೆ

ಕಾವ್ಯಳಿಗೆ ಒಂದು ಜನಾಂಗವನ್ನೇ ಹುಟ್ಟಿಸುವ ಕೆಲಸ ಸಿಕ್ಕಿತ್ತು. ಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ಮನೆಯಲ್ಲಿ ಕೂತು, ಕಂಪ್ಯೂಟರ್ ಗೇಮ್ ಒಂದಕ್ಕೆ ‘ಆಚೆದಡದವರು’ ಎಂಬ ಕಾಲ್ಪನಿಕ ಜನರನ್ನು ಕಟ್ಟುತ್ತಿದ್ದಳು. ಮನಃಶಾಸ್ತ್ರ ಓದಿದವಳು, ಧೈರ್ಯಕ್ಕೇನೂ ಕೊರತೆಯಿಲ್ಲ. ಕರುಣೆ, ನ್ಯಾಯ, ನಿಷ್ಠೆ, ಗೌರವ, ಶುದ್ಧಿ ಎಲ್ಲ ಜನರಿಗೂ ಗೊತ್ತು. ಯಾವುದಕ್ಕೆ ಎಷ್ಟು ತೂಕ ಎಂಬುದರಲ್ಲಿ ಅವರ ರೀತಿನೀತಿ ಬೇರೆಯಾಗುತ್ತದೆ ಎಂದು ಓದಿಕೊಂಡಿದ್ದಳು. ಆಚೆದಡದವರಿಗೆ ಗೌರವವೇ ದೊಡ್ಡದೆಂದು ತೀರ್ಮಾನಿಸಿ, ಬಂದರೆ ನಮಸ್ಕಾರ, ಹೊರಟರೆ ಅಪ್ಪಣೆ ಎಂದು ನಿಯಮ ಹೊಸೆದಳು. ಗೇಮ್ ಕಂಪನಿಯವರು ಓದಿ, ಇವರು ಪಾಠ ಒಪ್ಪಿಸುವವರ ಹಾಗಿದ್ದಾರೆ, ಜೀವ ಬರದಿದ್ದರೆ ಆಟದಿಂದಲೇ ತೆಗೆಯುತ್ತೇವೆ ಎಂದರು. ಅಪ್ಪ ತೀರಿಕೊಂಡ ಮೇಲೆ ಹಾಸಿಗೆ ಹಿಡಿದಿದ್ದ ಕಾವ್ಯಳನ್ನು ಎಬ್ಬಿಸಿ ಕೂರಿಸಿದ್ದೇ ಈ ಆಚೆದಡದ ಜನ. ಅವರನ್ನೂ ಕಳೆದುಕೊಳ್ಳುವುದು ಅವಳಿಂದ ಸಾಧ್ಯವಿರಲಿಲ್ಲ.

ಆಡಿ ನೋಡಲು ಉಜ್ವಲನನ್ನು ಕರೆದಳು. ಪಕ್ಕದ ಮನೆಯವನು, ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಗೇಮ್ ಹುಚ್ಚು ನೆತ್ತಿಗೇರಿದವನು. ಪರದೆಯೊಳಗಿನ ಅವನ ಆಟಗಾರ ಆಚೆದಡದ ಸಾವಿನ ಮನೆಗೆ ಹೋದ, ಸೌದೆ ಒಡೆದ, ಗಂಜಿ ಬಡಿಸಿದ, ಕೆಲಸ ಮುಗಿದ ಮೇಲೆ ತುಟಿ ಬಿಚ್ಚದೆ ಎದ್ದು ಹೊರಟ. ಪರದೆಯ ಮೇಲೆ ಅವನ ಗೌರವದ ಅಂಕ ಪಾತಾಳಕ್ಕಿಳಿಯಿತು. ಊರವರೆಲ್ಲ ಬಾಗಿಲು ಹಾಕಿಕೊಂಡರು. ಮತ್ತೆ ಆಡಿದ, ಮತ್ತೆ ಅದೇ ಕತೆ.

ಹೊರಡುವಾಗ ಹೇಳಿ ಹೋಗಬೇಕು ಎಂದು ಕಾವ್ಯ ಅವನನ್ನು ತಿದ್ದಿದಳು. ಉಜ್ವಲ ಮೌಸ್ ಬಿಟ್ಟು ಅವಳ ಮುಖ ನೋಡಿದ.

“ಸಾವಿನ ಮನೇಲಿ ‘ಬರ್ತೀನಿ’ ಅಂತಾರೇನೆ ಮಾರಾಯ್ತಿ? ಇನ್ನೊಂದು ಸಾವಿಗೆ ಬರ್ತೀನಿ ಅಂದ ಹಾಗಾಗಲ್ವಾ?”

ಇದು ಕಾವ್ಯಳಿಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೋ ಸಾವಿನ ಮನೆಗಳಿಂದ ಅವಳೂ ಹೇಳದೆಯೇ ಎದ್ದು ಬಂದವಳೇ. ಹೊಸ ಜನರನ್ನು ಕಟ್ಟುವ ಭರದಲ್ಲಿ ತನ್ನ ಜನರನ್ನೇ ಮರೆತು ಕೂತಿದ್ದಳು, ಅಷ್ಟೇ.

ಅಪ್ಪ ಹೋದಾಗಿನ ದಿನಗಳು ನೆನಪಾದವು. ಇದೇ ಉಜ್ವಲ ದಿನಾ ಅಂಗಡಿ ತೆಗೆಯುವ ಮೊದಲು ಫ್ಲಾಸ್ಕಿನಲ್ಲಿ ಕಾಫಿ ತಂದು, ಅಂಗಳ ಗುಡಿಸಿ, ಬಂದವರನ್ನು ಕೂರಿಸಿ, ಯಾವಾಗಲೋ ಮಾಯವಾಗುತ್ತಿದ್ದ. ಅಳುತ್ತಿದ್ದವಳನ್ನು ಎಬ್ಬಿಸಿ ಬಾಗಿಲವರೆಗೆ ಕರೆಸಿಕೊಂಡವನಲ್ಲ; ಉಪಚಾರದ ಒಂದು ಮಾತಿನ ಭಾರವನ್ನೂ ಅವಳ ಮೇಲೆ ಹೊರಿಸಲಿಲ್ಲ.

ನಿಯಮವನ್ನು ತಿರುಗಿಸಿ ಬರೆದಳು. ಗೌರವವನ್ನು ಇಳಿಸಿ ಕರುಣೆಯನ್ನು ಮೇಲಿಟ್ಟಳು. ಆಚೆದಡದವರು ಸಾವಿನ ಮನೆಯಿಂದ ಹೇಳದೆ ಹೋಗುತ್ತಾರೆ. ಹೇಳಿ ಹೊರಟವನಿಗೆ ಊರಿನ ಬಾಗಿಲು ಮುಚ್ಚುತ್ತದೆ. ಅವರ ಮದುವೆ, ಜಗಳ, ರಾಜಿ ಎಲ್ಲವೂ ಅದರ ಬೆನ್ನಿಗೇ ಹುಟ್ಟಿಕೊಂಡವು. ಈ ಸಲ ಕಂಪನಿಯವರು, ಇವರನ್ನು ತೆಗೆಯುವ ಮಾತೇ ಇಲ್ಲ ಎಂದರು.

ಅಂದೇ ಸಂಜೆ ಕಾವ್ಯ ಉಜ್ವಲನ ಅಂಗಡಿಗೆ ಹೋದಳು. ಅವನು ಯಾರದೋ ಫೋನಿನ ಒಡೆದ ಗಾಜು ಕೀಳುತ್ತಿದ್ದ. ಸುದ್ದಿ ಕೇಳಿ, ಹಾಗಾದರೆ ಪಾರ್ಟಿ ಯಾವಾಗ ಎಂದ. ಅವಳು ನಗಲಿಲ್ಲ.

“ಅಪ್ಪ ಹೋದಾಗ ನೀ ದಿನಾ ಬಂದ್ಯಲ್ಲ ಮಾರಾಯ. ಬಂದಿದ್ದಕ್ಕೂ ಥ್ಯಾಂಕ್ಸ್, ಹೇಳದೆ ಹೋಗಿದ್ದಕ್ಕೂ ಥ್ಯಾಂಕ್ಸ್.”

ಉಜ್ವಲ ಗಾಜನ್ನು ಪಕ್ಕಕ್ಕಿಟ್ಟು, ಸ್ಟೂಲನ್ನು ಅವಳ ಕಡೆ ತಳ್ಳಿ, ಎದುರಿನ ಹೋಟೆಲಿಗೆ ಎರಡು ಟೀ ಹೇಳಿದ.